ಇಟಲಿಗೂ ಚಟ್ನಿಗೂ ನಡುವೆ

ಡಿಸೆಂಬರ್ ಬಂತೆಂದರೆ ನಾನು ಬೆಳಗ್ಗೆ ಐದೂವರೆಗೆ ಏಳುತ್ತೇನೆ. ವಾಕಿಂಗ್‌ಗೆ ಅಂತ ಎದುರುಮನೆಯವರು ತಿಳಿದಿದ್ದಾರೆ. ನಾನೂ ಸುಮ್ನಿದ್ದೇನೆ. ಅಸಲಿಗೆ ನಾನು ಮಂಕಿಟೋಪಿ ಹಾಕಿಕೊಂಡು ಹವ್ಯಾಸಿಗಳು ದೂರದೂರದವರ ಜೊತೆ ಮಾತಾಡುವ ಹ್ಯಾಮ್ ರೇಡಿಯೋ ಮುಂದೆ ಕೂರುವುದು. 80 ಮೀಟರ್ ಬ್ಯಾಂಡಿನಲ್ಲಿ, ಅಂದರೆ ಸುಮಾರು 80 ಮೀಟರ್ ಉದ್ದದ ರೇಡಿಯೋ ಅಲೆಗಳಲ್ಲಿ, ಮೈಸೂರಿಗೆ ಯುರೋಪ್ ಸಿಗಬೇಕಾದರೆ ಅದೇ ಹೊತ್ತು.

ಹಗಲಲ್ಲಿ ಈ ಬ್ಯಾಂಡ್ ದೂರ ಹೋಗುವುದಿಲ್ಲ. ಬಿಸಿಲಿರುವಷ್ಟು ಹೊತ್ತು ಆಕಾಶದಲ್ಲಿ 60ರಿಂದ 90 ಕಿಲೋಮೀಟರ್ ಎತ್ತರದಲ್ಲಿ 'ಡಿ' ಅನ್ನುವ ವಿದ್ಯುತ್ ಕಣಗಳ ಪದರ ಇರುತ್ತದೆ. ಸಿಗ್ನಲ್ ಅಲ್ಲಿಗೆ ಹೋದರೆ ಕಾದ ಕಾವಲಿ ಮೇಲೆ ನೀರು ಚಿಮುಕಿಸಿದ ಹಾಗೆ, ಚುಂಯ್! ಕತ್ತಲಾದ ಮೇಲೆ ಆ ಪದರ ಕರಗುತ್ತದೆ. ಆಗ ಸಿಗ್ನಲ್ ಇನ್ನೂ ಮೇಲಿನ 'ಎಫ್' ಪದರಕ್ಕೆ ಬಡಿದು, ನೆಲಕ್ಕೆ ಬಿದ್ದು, ಮತ್ತೆ ಹಾರಿ, ಕುಂಟಾಬಿಲ್ಲೆ ಆಡಿಕೊಂಡು ಸಮುದ್ರ ದಾಟುತ್ತದೆ. ಸೂರ್ಯ ಹುಟ್ಟುವ ಆಸುಪಾಸಿನ ಕೆಲವು ನಿಮಿಷವಂತೂ ಹಬ್ಬ. ಗ್ರೇ ಲೈನ್ ಅಂತೀವಿ.

ಇದಕ್ಕೆ ಆಂಟೆನಾ ಅಂತ ಸುಮಾರು 40 ಮೀಟರ್ ತಂತಿ ಬೇಕು. ನಮ್ಮದು ಮೂವತ್ತು ನಲವತ್ತರ ಸೈಟು, ಅದೂ ಅಡಿಯಲ್ಲಿ! ಹಾಗಾಗಿ ತಂತಿ ನಮ್ಮ ನೀರಿನ ಟ್ಯಾಂಕಿನಿಂದ ಹೊರಟು ಪಕ್ಕದ ಮನೆಯವರ ತೆಂಗಿನಮರದಲ್ಲಿ ಮುಗಿಯುತ್ತದೆ. ಬಾಡಿಗೆ, ಯುಗಾದಿಗೆ ಒಂದು ಡಬ್ಬಿ ಒಬ್ಬಟ್ಟು.

ಹೋದ ಭಾನುವಾರ ಆರೂವರೆ. ಇಟಲಿಯಲ್ಲಿ ರಾತ್ರಿ ಎರಡು ಗಂಟೆ. ಅಲ್ಲೊಬ್ಬ ಪುಣ್ಯಾತ್ಮ ನಿದ್ದೆಗೆಟ್ಟು ಮೋರ್ಸ್ ಕೋಡಿನ ಚುಕ್ಕೆ-ಗೆರೆಗಳಲ್ಲಿ ಕರೆಯುತ್ತಿದ್ದ. ನಾನು ಉತ್ತರ ಕೊಟ್ಟೆ. ನನ್ನ ಕಾಲ್‌ಸೈನ್, ಅಂದರೆ ರೇಡಿಯೋದಲ್ಲಿ ನನ್ನ ಹೆಸರು, ಅರ್ಧ ಕೇಳಿಸಿ, ಕೊನೆಗೊಂದು ಪ್ರಶ್ನೆ ಚಿಹ್ನೆ ಹಾಕಿ ವಾಪಸ್ ಕಳಿಸಿದ. ಎದೆ ಡವಡವ. ಕೀ ಮೇಲೆ ಬೆರಳಿಟ್ಟೆ.

ಗರ್ರ್ರ್ರ್!

ಅಡುಗೆಮನೆಯಲ್ಲಿ ಮಿಕ್ಸಿ. ಅದರ ಮೋಟಾರಿನ ಕಾರ್ಬನ್ ಬ್ರಷ್ ಕಿಡಿ ಹಾರಿಸುತ್ತದೆ, ಕಿಡಿಯಿಂದ ರೇಡಿಯೋ ಅಲೆ ಏಳುತ್ತದೆ. ಮಾರ್ಕೋನಿ 1901ರಲ್ಲಿ ರೇಡಿಯೋ ಸಿಗ್ನಲ್‌ನ ಅಟ್ಲಾಂಟಿಕ್ ದಾಟಿಸಿದ್ದೂ ಕಿಡಿಯಿಂದಲೇ ಅಲ್ವಾ? ಮೂರು ಮಾರು ದೂರದ ನನ್ನ ರೂಮು ಯಾವ ಲೆಕ್ಕ! ಸಿಗ್ನಲ್ ಅಳೆಯುವ ಮೀಟರಿನ ಮುಳ್ಳು ಬಲಕ್ಕೆ ವಾಲಿತು. ಇಟಲಿ ಮುಳುಗಿತು.

"ಅಮ್ಮಾ, ಒಂದ್ನಿಮಿಷ ನಿಲ್ಸು!"

"ಯಾಕೋ?"

"ಇಟಲಿಯವ್ರು ಬಂದಿದಾರೆ!"

"ಬರ್ಲಿ ಬಿಡು, ಇನ್ನೊಂದು ಹೋಳು ಕಾಯಿ ಹಾಕ್ತೀನಿ."

ಆ ಒಂದು ಹೋಳು ನುಣ್ಣಗಾಗುವಷ್ಟರಲ್ಲಿ ಬಿಸಿಲು ಬಂತು. ಬ್ಯಾಂಡ್ ಖಾಲಿ.

ಅವತ್ತೇ ಒಪ್ಪಂದವಾಯಿತು. ಚಟ್ನಿ ಹಿಂದಿನ ರಾತ್ರಿಯೇ ಆಗಬೇಕು, ರುಬ್ಬುವುದು ನಾನೇ. ಸೋಮವಾರ ಆರೂವರೆಗೆ ಮನೆ ನಿಶ್ಶಬ್ದ. ಅದೇ ಇಟಲಿಯವನು ಮತ್ತೆ ಕೇಳಿಸಿದ. ಕೀ ಮೇಲೆ ಬೆರಳಿಟ್ಟೆ.

ಗರ್ರ್ರ್ರ್!

ಪಕ್ಕದ ಮನೆ ಮಿಕ್ಸಿ. ತೆಂಗಿನಮರ ಅವರದು. ಏನೂ ಅನ್ನುವ ಹಾಗಿಲ್ಲ.