ಪಾಠದ ಹಿಮ್ಮಾಹಿತಿ, ಮಕ್ಕಳ ಸುರಕ್ಷತೆ: ಶನಿವಾರದ ಒಂದೇ ಸಭೆ ಸಾಕೇ?

ಕೋಲಾರ ಜಿಲ್ಲೆಯ ಹಳ್ಳಿ ಪ್ರೌಢಶಾಲೆಗಳಲ್ಲಿ ಶಿಕ್ಷಕರೆಲ್ಲ ಒಟ್ಟಿಗೆ ಕೂರಲು ಸಿಗುವುದು ಶನಿವಾರ ಮಕ್ಕಳು ಮನೆಗೆ ಹೋದ ಮೇಲಿನ ಒಂದು ಗಂಟೆ. ಯಾವ ಪಾಠ ಮಕ್ಕಳಿಗೆ ಹತ್ತಲಿಲ್ಲ ಎಂಬ ಚರ್ಚೆ, ಮಕ್ಕಳ ಸುರಕ್ಷತೆಯ ಚರ್ಚೆ ಎರಡೂ ಅದೇ ಸಭೆಯಲ್ಲಿ, ಒಂದೇ ನಡಾವಳಿ ಪುಸ್ತಕದಲ್ಲಿ ಇರಬೇಕೇ? ಬೇರೆ ಬೇರೆ ದಾರಿ ಬೇಕೇ? ಎರಡು ನಿಲುವುಗಳು ಇಲ್ಲಿವೆ.

ಪರ: ಒಟ್ಟಿಗೆ ಕೂತರೇ ಮಗು ಪೂರ್ತಿ ಕಾಣುವುದು

ಪ್ರೌಢಶಾಲೆಯಲ್ಲಿ ಒಂದು ಮಗುವನ್ನು ದಿನವಿಡೀ ನೋಡುವವರು ಯಾರೂ ಇರುವುದಿಲ್ಲ. ಎಂಟನೇ ತರಗತಿಗೆ ಕಾಲಿಟ್ಟ ಕೂಡಲೇ ಮಗು ಆರೇಳು ಶಿಕ್ಷಕರ ನಡುವೆ ಹಂಚಿಹೋಗುತ್ತದೆ. ಗಣಿತದವರಿಗೆ ಕಾಣುವುದು ಕಿರುಪರೀಕ್ಷೆಯಲ್ಲಿ ಕುಸಿದ ಅಂಕ. ಹಿಂದಿಯವರಿಗೆ ಮೊದಲ ಪೀರಿಯಡ್‌ನಲ್ಲೇ ತೂಕಡಿಕೆ. ದೈಹಿಕ ಶಿಕ್ಷಕರಿಗೆ, ಖೋಖೋ ಎಂದರೆ ಓಡಿ ಬರುತ್ತಿದ್ದವಳು ಈಗ ಗೋಡೆಗೆ ಒರಗಿ ಕೂತಿರುವುದು. ತರಗತಿ ಶಿಕ್ಷಕರಿಗೆ ಮತ್ತೆ ಮತ್ತೆ ಸೋಮವಾರದ ಗೈರು. ಒಂದೊಂದನ್ನೇ ತೆಗೆದುಕೊಂಡರೆ ಮುಖ್ಯ ಶಿಕ್ಷಕರ ಕೊಠಡಿಗೆ ಒಯ್ಯುವಷ್ಟು ದೊಡ್ಡದಲ್ಲ. ನಾಲ್ಕೂ ಒಂದೇ ಮೇಜಿನ ಮೇಲೆ ಬಂದಾಗ, ಆ ಮನೆಗೆ ಇವತ್ತೇ ಹೋಗಿ ಬರಬೇಕು ಎಂಬುದು ಯಾರೂ ಹೇಳದೆ ಗೊತ್ತಾಗುತ್ತದೆ.

ನಮ್ಮ ಜಿಲ್ಲೆಯಲ್ಲಿ ಇದು ಟೊಮೆಟೊ ಕಾಲದಲ್ಲಿ ಎದ್ದು ಕಾಣುತ್ತದೆ. ಕೋಲಾರದ ಎಪಿಎಂಸಿ ಮಾರುಕಟ್ಟೆಗೆ ಮಾಲು ಹೋಗುವ ದಿನಗಳಲ್ಲಿ ಕೀಳುವುದಕ್ಕೆ, ಕ್ರೇಟು ತುಂಬುವುದಕ್ಕೆ ಮನೆಮಂದಿಯೆಲ್ಲ ತೋಟಕ್ಕೆ ಇಳಿಯುತ್ತಾರೆ. ಒಂಬತ್ತನೇ ತರಗತಿಗೆ ಬಹುಪದೋಕ್ತಿ ಪಾಠ ಮುಗಿಸಿದವರು 'ಅಪವರ್ತಿಸುವುದು ಅರ್ಧ ತರಗತಿಗೆ ಬಂದಿಲ್ಲ' ಎನ್ನುತ್ತಾರೆ. ಅದು ಪಾಠದ ಸಭೆ ಮಾತ್ರ ಆಗಿದ್ದರೆ ಉತ್ತರ ಒಂದೇ: ಇನ್ನೊಮ್ಮೆ ಪಾಠ ಮಾಡಿ. ಹಾಜರಿ ಪುಸ್ತಕ ಪಕ್ಕದಲ್ಲಿದ್ದರೆ ಬೇರೆಯದೇ ಹೊರಬೀಳುತ್ತದೆ. ಲೆಕ್ಕ ಬಾರದವರು, ಬೆಳಗಿನ ಜಾವ ತೋಟಕ್ಕೆ ಹೋದವರು, ಔಷಧಿ ಹೊಡೆದ ಗಿಡದಲ್ಲಿ ಬರಿಗೈಯಲ್ಲಿ ಕಿತ್ತು ಕೈ ತುರಿಸಿಕೊಳ್ಳುತ್ತ ಕೂತವರು ಎಲ್ಲ ಅವೇ ಮಕ್ಕಳು. ಇಲ್ಲಿ ಮರುಬೋಧನೆಗಿಂತ ಮೊದಲು ಆಗಬೇಕಾದದ್ದು ಪೋಷಕರ ಜೊತೆ ಮಾತುಕತೆ.

ಮಕ್ಕಳು ಬರೆದು ಕೊಡುವ ಹಿಮ್ಮಾಹಿತಿಯೂ ಎರಡನ್ನೂ ಬೆರೆಸಿಕೊಂಡೇ ಬರುತ್ತದೆ. ಚೀಟಿ ಪದ್ಧತಿ ಸುಲಭ. ಒಂದು ಹಾಳೆಯನ್ನು ನಾಲ್ಕು ತುಂಡು ಮಾಡಿ ಮೂರು ಪ್ರಶ್ನೆ ಹಾಕಿದರೆ ಸಾಕು: ಈ ತಿಂಗಳು ಯಾವ ಪಾಠ ಅರ್ಥವಾಗಲಿಲ್ಲ? ಪಾಠ ನಡೆಯುವಾಗ ಎಲ್ಲಿ ಕೈತಪ್ಪಿತು? ಶಾಲೆಯಲ್ಲಾಗಲಿ ದಾರಿಯಲ್ಲಾಗಲಿ ಭಯ ಆಗುವುದು ಏನಾದರೂ ಇದೆಯೇ? ತರಗತಿ ಬರೆದರಾಯಿತು, ಹೆಸರು ಬೇಡ. ಚೀಟಿ ಹಂಚಿ ವಾಪಸ್ ಪಡೆಯುವವರು ಆ ತರಗತಿಗೆ ಪಾಠ ಮಾಡದವರಾಗಿರಬೇಕು. ಮುಳಬಾಗಿಲು, ಶ್ರೀನಿವಾಸಪುರದ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳು ಬಹಳ. ಕನ್ನಡ ಅಕ್ಷರದಲ್ಲೇ ತೆಲುಗು ಬರೆದರೂ ಸರಿ ಎಂದು ಮೊದಲೇ ಹೇಳಬೇಕು. ಹೇಳದಿದ್ದರೆ ತಪ್ಪಾದೀತೆಂದು ಹೆದರಿ 'ಎಲ್ಲಾ ಚೆನ್ನಾಗಿದೆ' ಎಂದು ಬರೆದು ಮಡಚಿ ಕೊಟ್ಟುಬಿಡುತ್ತಾರೆ.

ಹೀಗೆ ಬಂದ ಚೀಟಿಯಲ್ಲಿ 'ಬೋರ್ಡಿನ ಹತ್ತಿರ ಕರೆದು, ಬಾರದಿದ್ದರೆ ಎಲ್ಲರ ಮುಂದೆ ನಗುತ್ತಾರೆ' ಎಂದಿದ್ದರೆ ಅದನ್ನು ಯಾವ ಕಡತಕ್ಕೆ ಹಾಕುವುದು? ಬೋಧನೆಯ ವಿಷಯವೂ ಹೌದು, ಸುರಕ್ಷತೆಯದೂ ಹೌದು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯ ಜೊತೆಗೇ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಎರಡು ಸಭೆ ಇದ್ದರೆ ಇಂಥ ಚೀಟಿ ಎರಡರಲ್ಲೂ 'ನಮ್ಮದಲ್ಲ' ಎನಿಸಿಕೊಂಡು ಹೊರಗುಳಿಯುತ್ತದೆ.

ಸಭೆ ನಡೆಸುವ ಕ್ರಮ ಸರಿಯಿದ್ದರೆ ಐವತ್ತು ನಿಮಿಷ ಧಾರಾಳ. ಮೊದಲ ಹತ್ತು ನಿಮಿಷ ಹಿಂದಿನ ವಾರದ್ದು: ಯಾರು ಏನು ಒಪ್ಪಿಕೊಂಡಿದ್ದರು, ಆಯಿತೇ, ಇಲ್ಲವೇ. ಆಮೇಲಿನ ಹದಿನೈದು ನಿಮಿಷ ಸುರಕ್ಷತೆಗೆ, ಉಳಿದದ್ದು ಪಾಠಕ್ಕೆ. ಸುರಕ್ಷತೆಯನ್ನು ಕೊನೆಗೆ ಇಟ್ಟರೆ ಬಸ್ಸಿನ ಹೊತ್ತಾಗಿ ಅದೇ ಬಿಟ್ಟುಹೋಗುತ್ತದೆ, ಆದ್ದರಿಂದ ಈ ಅನುಕ್ರಮ ಬದಲಿಸಬಾರದು. ನಡಾವಳಿ ಪುಸ್ತಕದಲ್ಲಿ ಪುಟಕ್ಕೆ ನಾಲ್ಕು ಅಂಕಣ: ಕಂಡದ್ದೇನು, ಮಾಡಬೇಕಾದ್ದೇನು, ಯಾರು, ಯಾವ ತಾರೀಖಿನೊಳಗೆ. 'ಎಲ್ಲರೂ ಎಚ್ಚರ ವಹಿಸುವುದು' ಎಂಬ ವಾಕ್ಯಕ್ಕೆ ಮೂರನೇ ಅಂಕಣದಲ್ಲಿ ಬರೆಯಲು ಹೆಸರೇ ಸಿಗುವುದಿಲ್ಲ, ಹಾಗಾಗಿ ಅದು ತಾನಾಗಿಯೇ ಬಿದ್ದುಹೋಗುತ್ತದೆ.

ಕೃಷಿ ಹೊಂಡದ ವಿಷಯವನ್ನೇ ನೋಡಿ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಇಳಿಜಾರು, ಅದರ ಮೇಲೆ ಪಾಚಿ. ಈಜು ಬರುವವರಿಗೂ ಮೇಲೆ ಹತ್ತಲು ಕೈಗೆ, ಕಾಲಿಗೆ ಹಿಡಿತ ಸಿಗದು. ಗೆಳೆಯನ ಕೈ ಹಿಡಿದು ಎಳೆಯಲು ಹೋದವನೂ ಅದೇ ಇಳಿಜಾರಿನಲ್ಲಿ ಜಾರುತ್ತಾನೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು (ಬೆಂಗಳೂರಿನಲ್ಲಿ ಸಂಸ್ಕರಿಸಿದ ತ್ಯಾಜ್ಯ ನೀರು) ಬಂದು, ವರ್ಷಗಟ್ಟಲೆ ಒಣಗಿದ್ದ ಕೆರೆಗಳು ತುಂಬಿವೆ. ಮಣ್ಣು ತೆಗೆದ ಗುಂಡಿಗಳು ಈಗ ನೀರಿನಡಿ ಇವೆ, ದಡದಲ್ಲಿ ನಿಂತವರಿಗೆ ಕಾಣುವುದಿಲ್ಲ. ಯಾವ ಊರಿನ ಮಕ್ಕಳು ಯಾವ ಹೊಂಡದ ಪಕ್ಕದ ಕಾಲುದಾರಿಯಲ್ಲಿ ಬರುತ್ತಾರೆ ಎಂಬುದು ಆ ಊರಿನ ಕಡೆಯಿಂದ ಬರುವ ಶಿಕ್ಷಕರಿಗೆ ಗೊತ್ತು. ಹೊಂಡದವರಿಗೆ ಹೇಳಿ ಬೇಲಿ ಹಾಕಿಸುವುದು, ಗಂಟು ಹಾಕಿದ ಹಗ್ಗವನ್ನು ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಡಿಸುವುದು, ಗಾಳಿ ತುಂಬಿದ ಟ್ಯೂಬು ಇಡಿಸುವುದು, ಇವಕ್ಕೆಲ್ಲ ಒಬ್ಬೊಬ್ಬರ ಹೆಸರು ಹಚ್ಚಲು ಎಲ್ಲರೂ ಇರುವ ಸಭೆಯೇ ಬೇಕು. ವಿಜ್ಞಾನದವರು ಅದೇ ವಾರ ಜಾರುವುದಕ್ಕೂ ಘರ್ಷಣೆಗೂ ಇರುವ ಸಂಬಂಧ ಹೇಳಿಕೊಟ್ಟರೆ ಪಾಠವೂ ನಿಲ್ಲುತ್ತದೆ, ಎಚ್ಚರವೂ ನಿಲ್ಲುತ್ತದೆ.

ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಅದು ಯಾವ ಸಭೆಗೂ ಬರಕೂಡದು. ನೇರವಾಗಿ ಕಾನೂನಿನ ದಾರಿ ಹಿಡಿಯಬೇಕು. ಇದರಲ್ಲಿ ಎರಡು ಮಾತಿಲ್ಲ. ಆದರೆ ಆ ಒಂದು ಕಾರಣಕ್ಕೆ ಉಳಿದೆಲ್ಲವನ್ನೂ ಬೇರ್ಪಡಿಸಿದರೆ ಎರಡನೇ ಸಭೆ ಕಾಗದದ ಮೇಲೆ ಮಾತ್ರ ನಡೆಯುತ್ತದೆ. ಒಬ್ಬರು ತರಬೇತಿಗೆ, ಒಬ್ಬರು ಚುನಾವಣಾ ಕೆಲಸಕ್ಕೆ, ಅತಿಥಿ ಶಿಕ್ಷಕರು ಇನ್ನೊಂದು ಶಾಲೆಗೆ. ಇಬ್ಬರು ಕೂತು ಎಂಟು ಜನರ ಸಹಿ ಹಾಕಿಸುವ ಸಭೆಯಿಂದ ಯಾವ ಮಗುವಿಗೂ ಪ್ರಯೋಜನವಿಲ್ಲ.

ವಿರೋಧ: ಮಗುವಿನ ಮಾತು ಶನಿವಾರದವರೆಗೆ ಕಾಯಬಾರದು

'ಗಂಭೀರವಾದದ್ದು ಸಭೆಗೆ ಬರುವುದಿಲ್ಲ' ಎನ್ನುವುದು ಕೇಳಲು ಸರಿಯಾಗಿದೆ. ಆದರೆ ಯಾವುದು ಗಂಭೀರ ಎಂಬುದು ಮೊದಲ ದಿನ ಯಾರಿಗೂ ಗೊತ್ತಿರುವುದಿಲ್ಲ. ಗೋಡೆಗೆ ಒರಗಿ ಕೂತ ಹುಡುಗಿಗೆ ಹೊಟ್ಟೆನೋವೋ, ಮನೆಯಲ್ಲಿ ಮದುವೆ ಮಾತುಕತೆಯೋ, ಇನ್ನೂ ಕೆಟ್ಟದ್ದೋ? ಅದನ್ನು ಎಂಟು ಜನರೆದುರು ಬಿಡಿಸಲು ಕೂತಾಗಲೇ ಆಗಬಾರದ್ದು ಆಗಿಬಿಟ್ಟಿರುತ್ತದೆ. ಹಳ್ಳಿ ಶಾಲೆಯಲ್ಲಿ ಹೆಸರು ಹೇಳದಿದ್ದರೆ ಗುಟ್ಟು ಉಳಿಯುತ್ತದೆ ಎಂದುಕೊಳ್ಳುವುದು ತಪ್ಪು. 'ಎಂಟನೇ ತರಗತಿ, ಹೊಸ ಕಾಲೊನಿಯಿಂದ ಬರುವವಳು' ಎಂದರೆ ಸಾಕು, ಸಂಜೆಯೊಳಗೆ ಊರಿಗೆಲ್ಲ ಗೊತ್ತು. ನಡಾವಳಿ ಪುಸ್ತಕ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಮುಂದೆ ಬರುತ್ತದೆ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯವರು ಭೇಟಿಗೆ ಬಂದಾಗ ತೆರೆದು ನೋಡುತ್ತಾರೆ. ಗೈರಾದವರಿಗೆಂದು ಅದರ ಪುಟದ ಫೋಟೊ ಶಿಕ್ಷಕರ ವಾಟ್ಸಾಪ್ ಗ್ರೂಪಿಗೆ ಬೀಳುವುದೂ ವಾಡಿಕೆಯಾಗಿದೆ.

ಕಾನೂನು ವಾರದ ಲೆಕ್ಕ ಇಟ್ಟುಕೊಂಡಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಅಪರಾಧ ನಡೆದಿದೆ ಎಂದು ತಿಳಿದವರು ಮಾತ್ರವಲ್ಲ, ನಡೆಯಬಹುದು ಎಂಬ ಆತಂಕ ಬಂದವರೂ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಮಕ್ಕಳ ಪೊಲೀಸ್ ಘಟಕಕ್ಕೆ ತಿಳಿಸಲೇಬೇಕು. ತಿಳಿಸದಿದ್ದರೆ 21ನೇ ಸೆಕ್ಷನ್ ಅಡಿ ಆರು ತಿಂಗಳವರೆಗೆ ಸೆರೆ. ತನ್ನ ಕೈಕೆಳಗಿನ ಸಿಬ್ಬಂದಿಯ ಅಪರಾಧವನ್ನು ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಒಳ್ಳೆಯ ನಂಬಿಕೆಯಿಂದ ಮಾಹಿತಿ ಕೊಟ್ಟವರ ಮೇಲೆ ಕೇಸು ನಿಲ್ಲುವುದಿಲ್ಲ ಎಂದೂ ಅದೇ 19ನೇ ಸೆಕ್ಷನ್ ಹೇಳುತ್ತದೆ. 'ಸುಳ್ಳಾದರೆ ನಮ್ಮ ತಲೆಗೆ ಬರುತ್ತದೆ' ಎಂದು ಹಿಂಜರಿಯುವ ಶಿಕ್ಷಕರಿಗೆ ಈ ಮಾತನ್ನು ಮುಖ್ಯ ಶಿಕ್ಷಕರೇ ಬಾಯಿಬಿಟ್ಟು ಹೇಳಬೇಕು.

ಶನಿವಾರದ ಸಭೆ ಇದೆ ಎಂದಾಗ ಆಗುವುದೇನು? ಮಂಗಳವಾರ ಕೇಳಿದ ಮಾತನ್ನು 'ಸಭೆಯಲ್ಲಿ ಇಡೋಣ' ಎಂದು ಪಕ್ಕಕ್ಕೆ ಇಡುತ್ತಾರೆ. ಸಭೆಯಲ್ಲಿ 'ಮೊದಲು ವಿಚಾರಿಸಿ ನೋಡೋಣ' ಎಂದಾಗುತ್ತದೆ. ಸೋಮವಾರ ಮೂವರು ಬೇರೆ ಬೇರೆಯಾಗಿ ಆ ಮಗುವನ್ನು ಕೇಳುತ್ತಾರೆ. ಮೂರನೆಯವರ ಹೊತ್ತಿಗೆ ಮಗು ಮಾತು ಬದಲಿಸುತ್ತದೆ, ಇಲ್ಲವೇ ಬಾಯಿ ಮುಚ್ಚಿಕೊಳ್ಳುತ್ತದೆ. ವಿಚಾರಣೆ ಶಾಲೆಯ ಕೆಲಸವಲ್ಲ. ಕೇಳಿಸಿಕೊಂಡ ಶಿಕ್ಷಕರು ಮಾಡಬೇಕಾದದ್ದು ಇಷ್ಟು. ಮಗು ಹೇಳುವಷ್ಟನ್ನು ನಡುವೆ ಬಾಯಿ ಹಾಕದೆ ಕೇಳುವುದು. 'ಯಾರಿಗೂ ಹೇಳೋದಿಲ್ಲ' ಎಂದು ಮಾತು ಕೊಡದಿರುವುದು. ಮಗು ಆಡಿದ ಮಾತನ್ನೇ, ತೆಲುಗಿನಲ್ಲಿ ಹೇಳಿದ್ದರೆ ತೆಲುಗಿನಲ್ಲೇ, ತಾರೀಖು ಮತ್ತು ವೇಳೆ ಸಹಿತ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕುವುದು. ಗಾಯದ ಫೋಟೊ ಮೊಬೈಲಿನಲ್ಲಿ ತೆಗೆಯದಿರುವುದು. ಅದೇ ದಿನ ಮುಖ್ಯ ಶಿಕ್ಷಕರಿಗೆ ತಿಳಿಸಿ, ಮಕ್ಕಳ ಸಹಾಯವಾಣಿ 1098 ಅಥವಾ ತುರ್ತು ಸಂಖ್ಯೆ 112ಕ್ಕೆ ಕರೆ ಮಾಡಿಸುವುದು. ಮುಖ್ಯ ಶಿಕ್ಷಕರು ಮೀನಮೇಷ ಎಣಿಸಿದರೆ ಶಿಕ್ಷಕರೇ ಕರೆ ಮಾಡಬೇಕು. ಹೊಣೆ ತಿಳಿದವರೆಲ್ಲರದು, ಮುಖ್ಯ ಶಿಕ್ಷಕರೊಬ್ಬರದಲ್ಲ.

ಇನ್ನು ಪಾಠದ ಹಿಮ್ಮಾಹಿತಿ. ಅದನ್ನು ದೂರುಗಳ ಪಕ್ಕದಲ್ಲಿ ಕೂರಿಸಿದರೆ ಅದೂ ದೂರಾಗಿಯೇ ಕೇಳಿಸುತ್ತದೆ. 'ನಿಮ್ಮ ಪಾಠ ಅರ್ಥವಾಗಿಲ್ಲವಂತೆ' ಎಂದು ಎಲ್ಲರೆದುರು ಓದಿದರೆ ಯಾವ ಶಿಕ್ಷಕರಾದರೂ ಮಕ್ಕಳ ಮೇಲೆ, ಹಿಂದಿನ ಶಾಲೆಯ ಮೇಲೆ ತಪ್ಪು ಹಾಕುತ್ತಾರೆಯೇ ಹೊರತು ಬೋಧನೆ ಬದಲಿಸುವುದಿಲ್ಲ. ಬದಲಾವಣೆ ಆಗುವುದು ಸಣ್ಣ ವಿವರದಲ್ಲಿ. ಹತ್ತನೇ ತರಗತಿಯ ಬೆಳಕಿನ ಪಾಠ ತೆಗೆದುಕೊಳ್ಳಿ. ದರ್ಪಣ ಸೂತ್ರದ ಲೆಕ್ಕ ಮಾಡಿಸುವಾಗ ವಸ್ತುದೂರಕ್ಕೆ (ಕನ್ನಡಿಯಿಂದ ವಸ್ತು ಇರುವ ದೂರಕ್ಕೆ) ಋಣ ಚಿಹ್ನೆಯನ್ನು ಶಿಕ್ಷಕರೇ ಹಾಕಿ ಬೋರ್ಡಿನ ಮೇಲೆ ಬರೆದುಬಿಡುತ್ತಾರೆ. ಮಕ್ಕಳು ಕೂಡಿ ಕಳೆದು ಉತ್ತರ ತರುತ್ತಾರೆ, ಎಲ್ಲರಿಗೂ ಬಂತು ಎನಿಸುತ್ತದೆ. ಪರೀಕ್ಷೆಯಲ್ಲಿ 'ನಿಮ್ನ ದರ್ಪಣದ ಮುಂದೆ 20 ಸೆಂ.ಮೀ. ದೂರದಲ್ಲಿ' ಎಂದು ಮಾತಿನಲ್ಲಿ ಕೊಟ್ಟಾಗ ಚಿಹ್ನೆ ತಾವೇ ಹಾಕಬೇಕು, ಅಲ್ಲಿ ಎಡವುತ್ತಾರೆ. ತರಗತಿಯಲ್ಲಿ ಕೂತು ಪಾಠ ನೋಡಿದ ಇನ್ನೊಬ್ಬ ಶಿಕ್ಷಕರು ಬರೆಯಬೇಕಾದದ್ದು ಇದನ್ನೇ: ಚಿಹ್ನೆ ಹಾಕುವ ಹಂತವನ್ನು ಮಕ್ಕಳ ಕೈಗೆ ಬಿಡಿ, ಮೊದಲ ಮೂರು ಲೆಕ್ಕಗಳಲ್ಲಿ ಉತ್ತರ ಬೇಡ, ಚಿಹ್ನೆ ಮಾತ್ರ ಬರೆಸಿ. ಇದನ್ನು ಹೇಳಲು ಮರುದಿನದ ಖಾಲಿ ಪೀರಿಯಡ್‌ನಲ್ಲಿ ಇಬ್ಬರು ಕೂತರೆ ಹತ್ತು ನಿಮಿಷ ಸಾಕು. ಶನಿವಾರದ ಹೊತ್ತಿಗೆ ಆ ಪಾಠವೇ ಮುಗಿದಿರುತ್ತದೆ.

ಹೊಂಡ, ಹಗ್ಗ, ನೀರಿನ ತೊಟ್ಟಿಯ ಮುಚ್ಚಳ, ರಾಷ್ಟ್ರೀಯ ಹೆದ್ದಾರಿ 75 ದಾಟುವ ಜಾಗ, ಬಿಸಿ ಸಾಂಬಾರಿನ ಪಾತ್ರೆ ಮಕ್ಕಳ ಸಾಲಿನ ನಡುವೆ ಹಾದುಹೋಗುವುದು, ಇಂಥವನ್ನು ಎಲ್ಲರೂ ಸೇರಿ ಮಾತಾಡುವುದಕ್ಕೆ ಅಡ್ಡಿಯಿಲ್ಲ. ಆದರೆ ಅದಕ್ಕೆ ವಾರ ಕಾಯುವುದೇಕೆ? ಪ್ರಾರ್ಥನೆಗೆ ಮುಂಚೆ ನಿಂತುಕೊಂಡೇ ಐದು ನಿಮಿಷದಲ್ಲಿ ಮುಗಿಸಬಹುದು. ತೊಟ್ಟಿಯ ಮುಚ್ಚಳ ಒಡೆದಿದ್ದರೆ ಆ ದಿನವೇ ಮುಚ್ಚಬೇಕು.

ಹಲವರು ಕಂಡ ಚೂರುಗಳನ್ನು ಕೂಡಿಸಿ ನೋಡುವವರು ಬೇಡವೇ ಎಂದರೆ, ಖಂಡಿತ ಬೇಕು. ಆ ಕೆಲಸವನ್ನು ಸಭೆಗೆ ವಹಿಸದೆ ಒಬ್ಬರಿಗೆ ವಹಿಸಬೇಕು. ಮಕ್ಕಳು ಹೋಗಿ ಮಾತಾಡುವಂಥ ಒಬ್ಬ ಶಿಕ್ಷಕಿಯನ್ನು ಗೊತ್ತುಮಾಡಿ, ಯಾರು ಏನೇ ಕಂಡರೂ ಆ ದಿನವೇ ಅವರಿಗೆ ಎರಡು ಸಾಲು ಬರೆದು ಕೊಡಬೇಕು. ಗಣಿತದ ಅಂಕವೂ ಸೋಮವಾರದ ಗೈರೂ ಅವರ ಒಂದೇ ಪುಸ್ತಕದಲ್ಲಿ ಸೇರುತ್ತವೆ, ಬೇರೆಯವರಿಗೆ ಕಾಣುವುದಿಲ್ಲ. ಅವರು ರಜೆಯಲ್ಲಿದ್ದಾಗ ಯಾರು ಎಂಬುದೂ ಮೊದಲೇ ಗೊತ್ತಾಗಿರಬೇಕು. ದೂರು ಪೆಟ್ಟಿಗೆಯನ್ನು ಮುಖ್ಯ ಶಿಕ್ಷಕರ ಕೊಠಡಿ ಎದುರು ನೇತುಹಾಕಿದರೆ ಧೂಳು ಬಿಟ್ಟು ಬೇರೇನೂ ಬೀಳುವುದಿಲ್ಲ. ಕುಡಿಯುವ ನೀರಿನ ನಲ್ಲಿಯ ಹತ್ತಿರ, ಮಕ್ಕಳು ಹೇಗೂ ಹೋಗಿ ಬರುವ ದಾರಿಯಲ್ಲಿ ಇರಲಿ. ಬೀಗ ಎರಡು, ಕೀ ಇಬ್ಬರ ಬಳಿ, ತೆರೆಯುವುದು ದಿನವೂ. ಚೀಟಿಯ ಕೈಬರಹ ಗುರುತು ಹಿಡಿಯಲು ಯಾರಿಗೂ ಕೊಡಕೂಡದು. ಆ ಶಿಕ್ಷಕಿಯ ಪುಸ್ತಕ ಬೀರುವಿನಲ್ಲಿ ಬೀಗದೊಳಗೆ ಇರಬೇಕು, ಮುಖ್ಯ ಶಿಕ್ಷಕರ ವರ್ಗಾವಣೆಯಾದರೆ ಚಾರ್ಜ್ ಪಟ್ಟಿಯಲ್ಲಿ ಮೊಹರು ಹಾಕಿದ ಲಕೋಟೆಯಾಗಿ ಹೊಸಬರ ಕೈ ಸೇರಬೇಕು.