ಸಾಹೇಬ್ರು ವಿ.ಸಿ.ಯಲ್ಲಿದ್ದಾರೆ

ಖಾತೆ ಬದಲಾವಣೆಗೆಂದು ಒಂದು ಕಚೇರಿಗೆ ಅಲೆಯುತ್ತಿದ್ದ ದಿನಗಳಲ್ಲಿ ನನ್ನ ಇಂಗ್ಲಿಷ್ ಬಹಳ ಸುಧಾರಿಸಿತು. ಅದರಲ್ಲೂ ‘ಇಲ್ಲ’ ಎಂಬುದನ್ನು ಇಲ್ಲ ಎನ್ನದೆ ಹೇಳುವ ಇಂಗ್ಲಿಷ್.

ಅಲ್ಲಿ ಯಾರೂ ಸುಮ್ನೆ ಇಲ್ಲದೇ ಇರುವುದಿಲ್ಲ. ಕುರ್ಚಿ ಖಾಲಿ. ಮೇಲೆ ಫ್ಯಾನು ತನ್ನಷ್ಟಕ್ಕೆ ತಿರುಗುತ್ತಿದೆ. ಮೇಜಿನ ಮೇಲೆ ಬಿಚ್ಚಿಟ್ಟ ಕನ್ನಡಕ, ಪಕ್ಕದಲ್ಲಿ ಕೆನೆಗಟ್ಟಿದ ಅರ್ಧ ಲೋಟ ಕಾಫಿ. ಆದರೂ ಅವರು ಇಲ್ಲದಿರುವುದಕ್ಕೆ ಒಂದು ಹೆಸರಿದೆ, ಅದೂ ಹುದ್ದೆಗೆ ತಕ್ಕ ಹಾಗೆ. ದೊಡ್ಡ ಸಾಹೇಬರಾದರೆ ‘ವಿ.ಸಿ.ಯಲ್ಲಿದ್ದಾರೆ’. ಅಂದರೆ ವಿಡಿಯೊ ಕಾನ್ಫರೆನ್ಸ್. ಅದು ಶುರುವಾಗುವುದು ಗೊತ್ತು, ಮುಗಿದದ್ದನ್ನು ಕಂಡವರಿಲ್ಲ. ಅವರ ಕೆಳಗಿನವರಾದರೆ ‘ಓಓಡಿ’, ಬೇರೆ ಕರ್ತವ್ಯದ ಮೇಲೆ ಹೋಗಿದ್ದಾರೆ. ಕೇಸ್ ವರ್ಕರ್ ಆದರೆ ‘ಫೀಲ್ಡ್‌ಗೆ ಹೋಗಿದಾರೆ’. ಅಟೆಂಡರ್ ಒಬ್ಬ ಹತ್ತು ನಿಮಿಷ ಕಾಣದಿದ್ದರೆ ಮಾತ್ರ ಎಲ್ಲರಿಗೂ ಅಚ್ಚಕನ್ನಡ ನೆನಪಾಗುತ್ತದೆ: ‘ಎಲ್ಲಿ ಹಾಳಾಗಿ ಹೋದ್ನೋ!’

ನನ್ನ ಫೈಲು ನೋಡಬೇಕಾದವರು ಫೀಲ್ಡ್‌ಗೆ ಹೋಗಿದ್ದರು. ಕೆಳಗಿಳಿದು ಬಂದರೆ ಎದುರಿನ ದರ್ಶಿನಿಯಲ್ಲಿ ನಿಂತು ಮದ್ದೂರು ವಡೆ ಮುರಿಯುತ್ತಿದ್ದಾರೆ. ನಮಸ್ಕಾರ ಎಂದೆ. ಅವರಿಗೆ ಒಂಚೂರೂ ಗಲಿಬಿಲಿಯಾಗಲಿಲ್ಲ. ‘ಈಗ ಫೀಲ್ಡ್‌ನಲ್ಲಿದೀನಿ, ನಾಳೆ ಆಫೀಸಿಗೆ ಬನ್ನಿ’ ಎಂದು ಚಟ್ನಿಗೆ ಕೈ ಚಾಚಿದರು.

ಈ ಎಲ್ಲ ಮಾತುಗಳಲ್ಲಿ ಬಡಪಾಯಿ ಎಂದರೆ ‘ಆಬ್ಸೆಂಟ್’. ಅದು ಶಾಲೆಯ ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಕೂತಿರುತ್ತದೆ. ಶಾಲೆಗೆ ಬಂದ ಮಾತ್ರಕ್ಕೆ ಅದರಿಂದ ತಪ್ಪಿಸಿಕೊಳ್ಳಲೂ ಆಗುತ್ತಿರಲಿಲ್ಲ. ನಮ್ಮ ಗಣಿತದ ಮೇಷ್ಟ್ರು ‘ಬಾಡಿ ಪ್ರೆಸೆಂಟ್, ಮೈಂಡ್ ಆಬ್ಸೆಂಟ್’ ಎಂದು ಗುಡುಗಿ ಸೀಮೆಸುಣ್ಣ ಎಸೆಯುತ್ತಿದ್ದರು. ಗುರಿ ತಪ್ಪಿ ಅದು ಪಕ್ಕದ ಬೆಂಚಿನ ಹುಡುಗನಿಗೆ ಬೀಳುತ್ತಿತ್ತು. ಪಾಪ, ಇಡೀ ಕ್ಲಾಸಿನಲ್ಲಿ ಪಾಠ ಕೇಳುತ್ತಿದ್ದವನು ಅವನೊಬ್ಬನೇ. ಅದೇ ಮರೆವು ದೊಡ್ಡ ಪ್ರೊಫೆಸರಿಗೆ ಬಂದರೆ ಎಷ್ಟು ಮರ್ಯಾದೆ ನೋಡಿ! ಎಡಗಾಲಿಗೆ ಒಂದು ಚಪ್ಪಲಿ, ಬಲಗಾಲಿಗೆ ಇನ್ನೊಂದು ಹಾಕಿಕೊಂಡು ಬಂದರೂ ‘ಆಬ್ಸೆಂಟ್ ಮೈಂಡೆಡ್, ಭಾರೀ ತಲೆ’ ಎನ್ನುತ್ತಾರೆ. ನಮಗೆ ಸೀಮೆಸುಣ್ಣ, ಅವರಿಗೆ ಶಾಲು.

ಇನ್ನು ‘ಔಟ್ ಆಫ್ ಸ್ಟೇಷನ್’. ಇದಕ್ಕೆ ಒಂದು ಠೀವಿ ಇದೆ. ಬ್ರಿಟಿಷರ ಕಾಲದಲ್ಲಿ ಸ್ಟೇಷನ್ ಎಂದರೆ ಅಧಿಕಾರಿಯನ್ನು ನೇಮಿಸಿದ ಜಾಗ. ಬೆಂಗಳೂರಿನ ದಂಡು ಪ್ರದೇಶದ ಹೆಸರೇ ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಎಂದಿತ್ತು. 1949ರಲ್ಲಿ ಅದು ಪೇಟೆಯ ಕಡೆಯ ನಗರದ ಜೊತೆ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಸ್ಟೇಷನ್ ಹೋಯಿತು, ಅದರಿಂದ ಹೊರಗೆ ಹೋಗುವ ಚಾಳಿ ಉಳಿಯಿತು. ಇವತ್ತಿಗೂ ಸರ್ಕಾರಿ ರಜಾ ಅರ್ಜಿಯ ಕೊನೆಯಲ್ಲಿ ‘ಕೇಂದ್ರಸ್ಥಾನ ಬಿಡಲು ಅನುಮತಿ ನೀಡಬೇಕಾಗಿ ಕೋರಿಕೆ’ ಎಂದು ಒಂದು ಸಾಲು ಬರೆಯುತ್ತಾರೆ. ಅಷ್ಟು ಗಂಭೀರ ವಿಷಯ ಅದು. ನಾವೋ ತಿಪಟೂರಿಗೆ ನಾಮಕರಣಕ್ಕೆ ಹೋದರೂ ಔಟ್ ಆಫ್ ಸ್ಟೇಷನ್.

ಇದರಿಂದ ನಮ್ಮ ಚಿಕ್ಕಪ್ಪನ ಮಗನ ಮದುವೆಯೇ ನಿಂತುಹೋಗುವುದರಲ್ಲಿತ್ತು. ಹೆಣ್ಣಿನ ಕಡೆಯ ಹಿರಿಯರೊಬ್ಬರು ಊರಿಂದ ಫೋನ್ ಮಾಡಿದರು. ಎತ್ತಿದವಳು ಪಿಯುಸಿ ಓದುವ ತಂಗಿ. ‘ಅಣ್ಣ ಔಟ್ ಆಫ್ ಸ್ಟೇಷನ್, ನಾಡಿದ್ದು ಬರ್ತಾನೆ’ ಎಂದಳು. ಹಳ್ಳಿಯಲ್ಲಿ ಸ್ಟೇಷನ್ ಎಂದರೆ ಒಂದೇ, ಪೊಲೀಸ್ ಸ್ಟೇಷನ್. ಆ ಹಿರಿಯರು ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ, ‘ಏನು ಕೇಸಮ್ಮಾ?’ ಎಂದು ಕೇಳಿದರು. ಇವಳಿಗೆ ಅರ್ಧ ಕೇಳಿಸಿತು. ಅಣ್ಣ ಆಫೀಸಿನಿಂದ ಹೋಗಿದ್ದಾನೆ ಎಂದು ಹೇಳುವ ಉತ್ಸಾಹದಲ್ಲಿ, ‘ಕಂಪನಿ ದುಡ್ಡಿನ ವಿಷಯ ಅಂಕಲ್, ಹುಬ್ಬಳ್ಳಿಯಲ್ಲಿ’ ಎಂದಳು. ಅವನು ಹೋಗಿದ್ದದ್ದು ಬ್ರಾಂಚಿನ ಆಡಿಟ್‌ಗೆ. ಸಂಜೆ ಹೊತ್ತಿಗೆ ಹುಡುಗ ಕಂಪನಿ ದುಡ್ಡು ತಿಂದು ಹುಬ್ಬಳ್ಳಿ ಸ್ಟೇಷನ್ನಿನಲ್ಲಿದ್ದ, ಜಾಮೀನಿನ ಮೇಲೆ ಈಗಷ್ಟೇ ಔಟ್ ಆಗಿದ್ದಾನೆ ಎಂಬ ಸುದ್ದಿ ಎರಡು ತಾಲ್ಲೂಕು ಸುತ್ತಿತು. ಚಿಕ್ಕಪ್ಪ ಆಡಿಟ್ ಆರ್ಡರಿನ ಜೆರಾಕ್ಸ್ ಹಿಡಿದು ಖುದ್ದಾಗಿ ಹೋಗಿ ತೋರಿಸಬೇಕಾಯಿತು. ಮದುವೆ ಆಯಿತು ಬಿಡಿ. ಆದರೆ ಆ ಹಿರಿಯರು ಇಂದಿಗೂ ಇವನ ಪಕ್ಕ ಕೂತರೆ ಜೇಬಿನ ಮೇಲೆ ಒಂದು ಕೈ ಇಟ್ಟುಕೊಂಡೇ ಮಾತಾಡುತ್ತಾರೆ.

ಹೇಳದೆ ಕೇಳದೆ ಎದ್ದು ಹೋಗುವುದಕ್ಕೆ ಇಂಗ್ಲಿಷರು ‘ಫ್ರೆಂಚ್ ಲೀವ್’ ಎನ್ನುತ್ತಾರೆ. ಫ್ರೆಂಚರು ಅದನ್ನೇ ಇಂಗ್ಲಿಷರ ರೀತಿ ಜಾರಿಕೊಳ್ಳುವುದು ಎನ್ನುತ್ತಾರೆ. ನಾವು ಯಾರ ಮೇಲೂ ಹಾಕದೆ ‘ಚಕ್ಕರ್’ ಎಂದು ಮುಗಿಸಿದ್ದೇವೆ. ಇದು ನನಗೆ ಜಾಸ್ತಿ ಪ್ರಾಮಾಣಿಕ ಅನ್ನಿಸುತ್ತದೆ.

ಫೋನ್ ಬಂದ ಮೇಲೆ ಇವೆಲ್ಲಕ್ಕೂ ತಾತ ಹುಟ್ಟಿದ: ‘ನಾಟ್ ರೀಚಬಲ್’. ಕನ್ನಡದ ಹುಡುಗಿ ‘ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ’ ಎಂದು ಎಷ್ಟು ಇಂಪಾಗಿ ಹೇಳುತ್ತಾಳೆ ಅಂದರೆ, ಸಾಲ ಕೊಟ್ಟವನಿಗೂ ಸಿಟ್ಟು ಇಳಿಯಬೇಕು. ನಮ್ಮ ಟೀವಿಯವರು ಇದನ್ನು ರಾಜಕೀಯ ಪದವಿಯನ್ನಾಗಿ ಮಾಡಿದ್ದಾರೆ. ಮಾಮೂಲಿ ಮನುಷ್ಯ ಕಾಣದಿದ್ದರೆ ಪೇಪರಿನಲ್ಲಿ ‘ಕೋಲು ಮುಖ, ಎಣ್ಣೆಗೆಂಪು ಬಣ್ಣ, ನೀಲಿ ಗೆರೆಯ ಅಂಗಿ’ ಎಂದು ಅಚ್ಚಾಗುತ್ತದೆ. ಶಾಸಕರಾದರೆ ನಾಟ್ ರೀಚಬಲ್. 2019ರ ಜುಲೈನಲ್ಲಿ ಮೈತ್ರಿ ಸರ್ಕಾರ ಅಲ್ಲಾಡುತ್ತಿದ್ದಾಗ ಅತೃಪ್ತ ಶಾಸಕರು ಮುಂಬೈನ ಹೋಟೆಲಿನಲ್ಲಿದ್ದರು. ಹೋಟೆಲ್ ಯಾವುದು ಅಂತ ಇಡೀ ರಾಜ್ಯಕ್ಕೆ ಗೊತ್ತು. ಅದರ ಗೇಟು ನಮ್ಮ ಮನೆ ಗೇಟಿಗಿಂತ ಜಾಸ್ತಿ ಹೊತ್ತು ನಮಗೆ ಕಾಣಿಸುತ್ತಿತ್ತು. ಕರೆದುಕೊಂಡು ಬರಲು ಹೋದ ಸಚಿವರೊಬ್ಬರು ಗಂಟೆಗಟ್ಟಲೆ ಆ ಹೋಟೆಲಿನ ಮುಂದೆಯೇ ನಿಂತಿದ್ದರು. ಒಳಗಿದ್ದವರು ಮಾತ್ರ ಅಷ್ಟು ಹತ್ತಿರದಿಂದಲೂ ನಾಟ್ ರೀಚಬಲ್! ಯಾವ ಟವರ್ ತಾನೇ ಏನು ಮಾಡೀತು?

ಆನ್‌ಲೈನ್ ಮೀಟಿಂಗ್ ಬಂದ ಮೇಲೆ ಮಾತ್ರ ಮೇಲು ಕೀಳು ಹೋಯಿತು. ಅಲ್ಲಿ ಎಲ್ಲರೂ ಕಪ್ಪು ಚೌಕಗಳೇ. ಚೌಕದ ಹಿಂದೆ ಒಬ್ಬ ಬಟ್ಟೆ ಮಡಚುತ್ತಿದ್ದಾನೆ, ಇನ್ನೊಬ್ಬ ಮೆಂತ್ಯ ಸೊಪ್ಪು ಬಿಡಿಸುತ್ತಿದ್ದಾನೆ. ಹೆಸರು ಹಿಡಿದು ಕರೆದರೆ ‘ಸರ್, ವಾಯ್ಸ್ ಬ್ರೇಕ್ ಆಗ್ತಾ ಇದೆ’. ಇಂಕ್ರಿಮೆಂಟ್ ವಿಷಯ ಬಂದಾಗ ಯಾರ ವಾಯ್ಸೂ ಯಾವತ್ತೂ ಬ್ರೇಕ್ ಆದದ್ದಿಲ್ಲ, ಅಲ್ವಾ?

ನಮ್ಮ ಟೀಮಿನ ಒಬ್ಬ ಗೆಳೆಯ ಇನ್ನೂ ಚಾಲಾಕಿ. ಏನು ಕೇಳಿದರೂ ಎರಡು ಸೆಕೆಂಡ್ ಬಿಟ್ಟು, ಯೋಚಿಸಿದವನ ಹಾಗೆ, ‘ನನ್ನ ಕಡೆಯಿಂದ ಓಕೆ’ ಎನ್ನುತ್ತಾನೆ. ಇದೊಂದೇ ವಾಕ್ಯದಲ್ಲಿ ಅವನಿಗೆ ಎರಡು ಪ್ರಮೋಷನ್ ಆಗಿದೆ. ಮೊನ್ನೆ ಮ್ಯಾನೇಜರ್, ‘ಸರ್ವರ್ ಬದಲಾಯಿಸಬೇಕು, ಶನಿವಾರ ರಾತ್ರಿಯಿಂದ ಭಾನುವಾರ ಬೆಳಗಿನವರೆಗೆ ಒಬ್ಬರು ಕೂರಬೇಕಲ್ಲ, ಏನಪ್ಪಾ?’ ಎಂದು ಅವನನ್ನೇ ಕೇಳಿದರು. ಎರಡು ಸೆಕೆಂಡ್ ಮೌನ. ‘ನನ್ನ ಕಡೆಯಿಂದ ಓಕೆ.’ ಉಳಿದ ಚೌಕಗಳೆಲ್ಲ ಒಟ್ಟಿಗೆ ಮ್ಯೂಟ್ ತೆಗೆದು ಥ್ಯಾಂಕ್ಸ್ ಹೇಳಿದವು. ಅವನಿಗೆ ವಿಷಯ ತಿಳಿದದ್ದು ಶುಕ್ರವಾರ ಸಂಜೆ, ಮೇಲ್ ಬಂದಾಗ. ತಕ್ಷಣ ಬದಲಿಗೆ ಯಾರಾದರೂ ಸಿಗುತ್ತಾರಾ ಅಂತ ಒಬ್ಬೊಬ್ಬರಿಗೇ ಫೋನ್ ಹಚ್ಚತೊಡಗಿದ. ನನಗೂ ಮಾಡಿದ್ದ. ನಾನು ಫೀಲ್ಡ್‌ನಲ್ಲಿದ್ದೆ.