ಡಬ್ಬ ಬಿಚ್ಚೋಕ್ ಮುಂಚೆ ದುಡ್ಡು ಎಣಿಸಬೇಕಂತೆ!

ಈಗ ತಾನೇ ನಮ್ಮ ಮೈಸೂರಿನ ಅರಸು ರಸ್ತೆಯಿಂದ ಬಂದೆ, ತಲೆಬಿಸಿ ಇನ್ನೂ ಇಳಿದಿಲ್ಲ. ಅಕ್ಕನ ಮಗನಿಗೆ ಒಂದು ಮಾನಿಟರ್ ಕೊಡ್ಸೋಣ ಅಂತ ಹೋಗಿದ್ವಿ, 24 ಇಂಚಿಂದು, ಫುಲ್ ಎಚ್‌ಡಿ. ರೇಟೂ ಕುದುರ್ತು. ಒಂದ್ಸಲ ಆನ್ ಮಾಡಿ ತೋರ್ಸಪ್ಪ ಅಂದೆ ಅಷ್ಟೇ.

"ಸೀಲ್ ಕಿತ್ರೆ ವಾಪಸ್ ಇಲ್ಲ ಸಾರ್, ಮೊದ್ಲು ಬಿಲ್ ಮಾಡ್ಸಿ."

ಸರಿ, ಬಿಲ್ ಆದ್ಮೇಲೆ ಸ್ಕ್ರೀನ್ ಮೇಲೆ ಕೆಟ್ಟಿರೋ ಪಿಕ್ಸೆಲ್ಲಿನ ಚುಕ್ಕೆ ಕಂಡ್ರೆ?

"ಒಂದೆರಡು ಡಾಟ್ ಇದ್ರೆ ಅದು ಡಿಫೆಕ್ಟ್ ಅಲ್ಲ ಸಾರ್, ಕಂಪನಿ ಪಾಲಿಸಿ."

ಬೇಜಾರೇನಪ್ಪ ಅಂದ್ರೆ ಅವನು ಹೇಳಿದ್ದು ಸುಳ್ಳಲ್ಲ. 2001ರಲ್ಲಿ ಐಎಸ್‌ಒದವರು, ಅಂದ್ರೆ ಅಂತರರಾಷ್ಟ್ರೀಯ ಗುಣಮಟ್ಟ ಸಂಸ್ಥೆಯವರು, 13406-2 ಅಂತ ಒಂದು ಸ್ಟ್ಯಾಂಡರ್ಡ್ ಮಾಡಿದ್ರು. ಅದರ ಕ್ಲಾಸ್ 2 ಅನ್ನೋ ದರ್ಜೆ ಪ್ರಕಾರ ಹತ್ತು ಲಕ್ಷ ಪಿಕ್ಸೆಲ್‌ಗೆ (ಚಿತ್ರ ಮೂಡಿಸೋ ಪುಟ್ಟ ಚುಕ್ಕೆಗಳಿಗೆ) ಯಾವಾಗ್ಲೂ ಉರೀತಾ ಇರೋದು ಎರಡು, ಪೂರ್ತಿ ಸತ್ತಿರೋದು ಎರಡು ಇದ್ರೂ ಪಾಸು, ಪಿಕ್ಸೆಲ್ ಒಳಗಿನ ಒಂದೇ ಬಣ್ಣದ ತುಣುಕು, ಅಂದ್ರೆ ಸಬ್‌ಪಿಕ್ಸೆಲ್, ಕೆಟ್ಟಿರೋದು ಐದರ ತನಕ ಬೇರೆ. ಫುಲ್ ಎಚ್‌ಡಿಯಲ್ಲಿ ಇರೋದು 20,73,600 ಪಿಕ್ಸೆಲ್, ಈಗ ಲೆಕ್ಕ ನೀವೇ ಹಾಕ್ಕೊಳ್ಳಿ. ಆಮೇಲೆ ಆ ಸ್ಟ್ಯಾಂಡರ್ಡ್ ಹೋಗಿ 9241 ಬಂತು, ಕ್ಲಾಸು ಗೀಸು ಅನ್ನೋದು ಅದ್ರಲ್ಲೂ ಉಳ್ಕೊಂಡಿದೆ.

"ಒಂದೊಂದು ಪಿಕ್ಸೆಲ್‌ಗೂ ಕೆಂಪು, ಹಸಿರು, ನೀಲಿ ಅಂತ ಮೂರು ಸಬ್‌ಪಿಕ್ಸೆಲ್, ಒಂದೊಂದಕ್ಕೂ ಒಂದು ಟ್ರಾನ್ಸಿಸ್ಟರ್, ಅರವತ್ತು ಲಕ್ಷದ ಮೇಲಿರುತ್ತೆ, ಒಂದೂ ಕೆಡಬಾರದು ಅಂದ್ರೆ ರೇಟ್ ಎಲ್ಲಿಗೋಗುತ್ತೆ ಮಾಮ" ಅಂತ ನಮ್ಮ ಹುಡುಗನೇ ಅಂಗಡಿಯವನ ಪರ ವಾದ ಮಾಡ್ದ. ಆಯ್ತಪ್ಪ ಇಂಜಿನಿಯರೇ, ಕೆಡ್ಲಿ, ಫ್ಯಾಕ್ಟರಿಯವರ ಕಷ್ಟ ನಂಗೂ ಅರ್ಥ ಆಗುತ್ತೆ. ಆದ್ರೆ ಕೆಟ್ಟಿದ್ದನ್ನ ಕೆಟ್ಟಿದ್ದರ ರೇಟಿಗೆ ಮಾರ್ಲಿ. ಸೀರೆ ಅಂಗಡೀಲಿ ಸೆರಗಿಂದ ಹಿಡಿದು ಪೂರ್ತಿ ಬಿಡಿಸಿ ಬೆಳಕಿಗೆ ಹಿಡಿದು ತೋರಿಸ್ತಾರೆ, ಒಂದು ಎಳೆ ಹೋಗಿದ್ರೆ ಡಿಸ್ಕೌಂಟ್ ಅಂತ ಪಕ್ಕಕ್ಕಿಡ್ತಾರೆ. ಇಲ್ಲಿ ಚುಕ್ಕೆ ಇರೋದಕ್ಕೂ ಇಲ್ಲದಿರೋದಕ್ಕೂ ಒಂದೇ ರೇಟು, ನಿಮ್ಮ ಹಣೆಬರಹದಲ್ಲಿ ಯಾವ ಡಬ್ಬ ಬರೆದಿದೆಯೋ ಅದು! ದುಬಾರಿ ಮಾಡೆಲ್‌ಗಳಿಗೆ ಯಾವಾಗ್ಲೂ ಉರಿಯೋ ಒಂದೇ ಒಂದು ಬ್ರೈಟ್ ಪಿಕ್ಸೆಲ್ ಇದ್ರೂ ಬದಲಾಯಿಸಿಕೊಡ್ತೀವಿ ಅನ್ನೋ ಕಂಪನಿಗಳೂ ಇವೆ, ಅಂದ್ರೆ ಆಗಲ್ಲ ಅಂತೇನಿಲ್ಲ, ನಮ್ಮಂಥೋರಿಗೆ ಮಾಡಲ್ಲ ಅಷ್ಟೇ.

ಒಂದು ಚುಕ್ಕೆಗೆ ಇಷ್ಟು ರಂಪಾನಾ ಅಂತೀರ. ನನ್ನ ಹೊಟ್ಟೆಪಾಡು ಮದುವೆ ಕಾರ್ಡು, ಫ್ಲೆಕ್ಸು ಅಂತ ನಿಮಗೆಲ್ಲ ಗೊತ್ತು. ಹಳೇ ಮಾನಿಟರಲ್ಲಿ ಮಧ್ಯಕ್ಕೆ ಸ್ವಲ್ಪ ಎಡಗಡೆ ಒಂದು ಕಪ್ಪು ಚುಕ್ಕೆ ಇತ್ತು. ಬಿಳಿ ಪೇಜ್ ತೆಗೆದ್ರೆ ಎದ್ದು ಕಾಣೋದು. ಪೇಜ್ ಸರಿಸಿದ್ರೆ ಗಣಪತಿ, ಮುಹೂರ್ತ, ಸ್ಥಳ ಎಲ್ಲ ಸರಿದು ಹೋಗೋದು, ಅದು ಮಾತ್ರ ಅಲ್ಲೇ ಗೂಟ ಹೊಡ್ಕೊಂಡು ಕೂತಿರೋದು. ನಿಜ ಹೇಳ್ತೀನಿ, ಈಗ ಸೆಲೂನಲ್ಲಿ ಟಿವಿ ಇದ್ರೂ ನಂಗೆ ಮ್ಯಾಚ್ ಕಾಣಲ್ಲ, ಕಣ್ಣು ಚುಕ್ಕೆ ಹುಡುಕುತ್ತೆ. ಹುಚ್ಚು ಅಂತಾಳೆ ಮನೆಯವ್ಳು. ಇರ್ಲಿ ಬಿಡಿ.

ಬಣ್ಣ ಹಿಡ್ಕೊಂಡು ಕೂತಿರೋ ಸ್ಟಕ್ ಪಿಕ್ಸೆಲ್ ಆದ್ರೆ ಬಣ್ಣ ಪಟಪಟ ಬದಲಾಯಿಸೋ ವಿಡಿಯೋ ಬಿಟ್ರೆ ಕೆಲವು ಸಲ ಸರಿಹೋಗುತ್ತೆ. ಸತ್ತಿದ್ದು ಸತ್ತ ಹಾಗೇ. ಚೆಕ್ ಮಾಡೋಕೆ ಎಷ್ಟೊತ್ತು ಬೇಕು ಹೇಳಿ? ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ, ಒಂದೊಂದೇ ಫುಲ್ ಸ್ಕ್ರೀನ್ ಹಾಕಿದ್ರೆ ಮುಗೀತು, ಅವನು ಬಿಲ್ ಬರೆಯೋಷ್ಟು ಹೊತ್ತೂ ಬೇಡ!

ಅಲ್ಲಿ ತಗೊಳ್ಳದೆ ಎದ್ದು ಬಂದ್ವಿ, ಹುಡುಗ ಮುಖ ಊದಿಸ್ಕೊಂಡಿದಾನೆ. ಭಾನುವಾರ ಇನ್ನೊಂದು ರೌಂಡ್ ಹೋಗ್ಬೇಕು. ಮೈಸೂರಲ್ಲಿ ಬಿಲ್‌ಗೆ ಮುಂಚೆ ಆನ್ ಮಾಡಿ ತೋರ್ಸೋ ಪುಣ್ಯಾತ್ಮರು ಯಾರಾದ್ರೂ ಗೊತ್ತಿದ್ರೆ ಕಾಮೆಂಟ್ ಹಾಕ್ರಪ್ಪ. "ಆನ್‌ಲೈನಲ್ಲಿ ತಗೊಳ್ಳಿ ಸಾರ್" ಅನ್ನೋರು ದಯವಿಟ್ಟು ಬೇಡ, ಅಲ್ಲಿ ರಿಟರ್ನ್ ಷರತ್ತು ಓದೋಕೆ ಇನ್ನೂ ದೊಡ್ಡ ಮಾನಿಟರ್ ಬೇಕು.